ಮೇರಿ ಆಂಟಿನ್ ಕಥೆಯನ್ನು ಮಕ್ಕಳಿಗೆ ಹೇಳುವುದು ಹೇಗೆ?

ಸಾಗರದ ಹತ್ತಿರ ಒಂದು ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮೇಷ್ಟ್ರು. ಮೇರಿ ರಷ್ಯಾದಿಂದ ಅಮೆರಿಕಕ್ಕೆ ವಲಸೆ ಹೋಗಿ ಆತ್ಮಕಥೆ ಬರೆದವಳು. ಈ ಯಹೂದಿ ಹುಡುಗಿಯ ಕಥೆಯನ್ನು ಭೂಪಟದಿಂದ ಶುರು ಮಾಡಬೇಡಿ. ಮೇಜಿನ ಮೇಲೆ ಒಂದು ಬಾಳೆಹಣ್ಣು ಇಡಿ.

ಅಮೆರಿಕದ ಬಾಸ್ಟನ್ನಿನ ಮೊದಲ ಊಟದಲ್ಲಿ ಅಪ್ಪ ಮನೆಯವರಿಗೆ ಬಾಳೆಹಣ್ಣು ತಿನ್ನಿಸಲು ನೋಡಿದ. ಅವರಿಗದು ಜಾರುವ ವಿಚಿತ್ರ ಹಣ್ಣು. ಆವತ್ತಿಗೆ ಅಪ್ಪ ಕೈಬಿಟ್ಟ. ಹಿತ್ತಲಲ್ಲೇ ಗೊನೆ ಕಡಿಯುವ ನಮ್ಮ ಮಕ್ಕಳು ಇದನ್ನು ಕೇಳಿ ಜೋರಾಗಿ ನಗುತ್ತಾರೆ. ನಗಲಿ. ಪರದೇಶ ಅಂದರೇನು ಅಂತ ಅಲ್ಲೇ ತಿಳಿಯುತ್ತದೆ.

ಇಸವಿಗಳನ್ನು ಬೇಗ ಮುಗಿಸಿ. ಹುಟ್ಟಿದ್ದು 1881, ಪೊಲೊಟ್ಸ್ಕ್. ಆಗ ರಷ್ಯಾದ ತ್ಸಾರ್ ಅಂದರೆ ಚಕ್ರವರ್ತಿಯ ಆಳ್ವಿಕೆ, ಈಗ ಬೆಲಾರುಸ್. ಅಪ್ಪ 1891ರಲ್ಲಿ ಅಮೆರಿಕಕ್ಕೆ ಮೊದಲು ಹೋದ, ಉಳಿದವರು 1894ರಲ್ಲಿ. ಅವಳ ಆತ್ಮಕಥೆ ಬಂದಿದ್ದು 1912ರಲ್ಲಿ.

ಆಮೇಲೆ ಹೆಸರಿಗೆ ಬನ್ನಿ. ಊರಲ್ಲಿ ಮಾಷ್ಕೆ, ಅಮೆರಿಕದಲ್ಲಿ ಮೇರಿ. ಮಕ್ಕಳಿಗೆ ಮನೆ ಹೆಸರು, ಹಾಜರಿ ಹೆಸರು ಎರಡನ್ನೂ ಬರೆಯಲು ಹೇಳಿ. ಕಳೆದ ವರ್ಷ ಒಬ್ಬಳು ಜೊತೆಗೆ ಅಜ್ಜಿಯ ಊರಿನ ಹೆಸರನ್ನೂ ಬರೆದಿದ್ದಳು. "ಸರ್, ಈ ಊರು ಈಗ ನೀರೊಳಗಿದೆ" ಅಂದಳು. 1964ರ ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆ. ನನಗೆ ಗಂಟಲು ಕಟ್ಟಿತು, ನಮ್ಮಜ್ಜಿಯೂ ಹಾಗೇ ಬಂದವರು.

ಆದರೆ ಮೇರಿಯ ವಲಸೆ, ನಮ್ಮ ಮುಳುಗಡೆ ಎರಡೂ ಒಂದೇ ಅಂತ ಹೇಳಬೇಡಿ. ಯಹೂದಿಗಳು ಎಲ್ಲಿ ವಾಸ ಮಾಡಬೇಕು ಅನ್ನುವುದಕ್ಕೂ ತ್ಸಾರ್ ಕಾನೂನು ಗಡಿ ಹಾಕಿತ್ತು. ಅದನ್ನು ಬಿಡಿಸಿ ಹೇಳಿ.

ಅಕ್ಕ ಫ್ರೀಡಾಳನ್ನು ಮಾತ್ರ ಮರೆಯಬೇಡಿ. ಮೇರಿಯನ್ನು ಅಪ್ಪ ತಾನೇ ಶಾಲೆಗೆ ಕರೆದುಕೊಂಡು ಹೋದ. ಅಕ್ಕ ಹೊಲಿಗೆ ಕೆಲಸಕ್ಕೆ ಹೋದಳು. ಇಲ್ಲಿ ಸ್ವಲ್ಪ ಹೊತ್ತು ಸುಮ್ನೆ ನಿಲ್ಲಿ. ನಮ್ಮ ಕ್ಲಾಸಲ್ಲೂ ಅಂಥ ಅಕ್ಕಂದಿರ ತಂಗಿಯರು ಕೂತಿರುತ್ತಾರೆ, ಅಲ್ವಾ?