ಪಾಕಕ್ಕೆ ಲಿಂಬೆರಸ ಯಾಕೆ ಹಿಂಡಬೇಕು?

ದೀಪಾವಳಿ ಮುಗಿದ ಮರುದಿನ ನಮ್ಮ ವಿಜಯಪುರದ ಓಣಿಯಲ್ಲಿ ಯಾರಾದರೊಬ್ಬರು ಪಾತೇಲಿ ಹಿಡಿದು ಬಂದೇ ಬರುತ್ತಾರೆ. "ಆಯಿ, ಜಾಮೂನಿನ ಪಾಕ ಹರಳ ಹರಳ ಆಗೇತ್ರಿ, ಏನ್ ಮಾಡ್ಲಿ?"

ಸಕ್ಕರೆಯೊಳಗೆ ಏನಿದೆ ಅಂತ ಗೊತ್ತಾದರೆ ಇದು ಸುಲಭ. ಡಬ್ಬಿಯಲ್ಲಿರುವ ಸಕ್ಕರೆ ಅಂದರೆ ಸುಕ್ರೋಸ್, ಜೋಡಿ ಸಕ್ಕರೆ. ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್ ಸೇರಿ ಆದದ್ದು. ಆ ಎರಡರಲ್ಲೂ 6 ಇಂಗಾಲ, 12 ಜಲಜನಕ, 6 ಆಮ್ಲಜನಕದ ಪರಮಾಣುಗಳೇ ಇವೆ. ಲೆಕ್ಕ ಒಂದೇ, ಜೋಡಣೆ ಬೇರೆ, ಅಷ್ಟಕ್ಕೇ ಫ್ರಕ್ಟೋಸ್ ಜಾಸ್ತಿ ಸಿಹಿ ನೋಡಿ!

ಪಾಕ ಕುದಿಯುವಾಗ ಲಿಂಬೆರಸ ಬಿದ್ದರೆ ಹುಳಿ ಮತ್ತು ಕಾವಿಗೆ ಒಂದಿಷ್ಟು ಜೋಡಿಗಳು ಬಿಡಿಯಾಗುತ್ತವೆ. ಹರಳು ಕಟ್ಟಬೇಕಾದರೆ ಒಂದೇ ಥರದ ಕಣಗಳು ಸಾಲಾಗಿ ಕೂಡಬೇಕು, ನಡುವೆ ಈ ಬಿಡಿ ಸಕ್ಕರೆಗಳು ನುಗ್ಗಿದರೆ ಸಾಲು ಕೆಡುತ್ತದೆ, ಪಾಕ ತಿಳಿಯಾಗಿ ಉಳಿಯುತ್ತದೆ. ಅರ್ಧ ಕಿಲೋ ಸಕ್ಕರೆಗೆ ಅರ್ಧ ಚಮಚ ರಸ ಸಾಕು. ನಮ್ಮ ಇಂಡಿ ತಾಲೂಕಿನ ಲಿಂಬೆಕಾಯಿ ಮನೆಯಲ್ಲಿ ಇದ್ದೇ ಇರುತ್ತದಲ್ವಾ? ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಡಿ, ಕುದಿಯುವಾಗಲೇ ಹಾಕಿ. ಪಾತೇಲಿಯ ಅಂಚಿಗೆ ಬೆಳ್ಳಗೆ ಹತ್ತಿದ ಸಕ್ಕರೆಯನ್ನು ಒದ್ದೆ ಅರಿವೆಯಿಂದ ಒರೆಸಿಬಿಡಿ. ಅದರಲ್ಲಿ ಒಂದು ಕಾಳು ಒಳಗೆ ಬಿದ್ದರೂ ಅದನ್ನೇ ಹಿಡಿದು ಇಡೀ ಪಾಕ ಹರಳುಗಟ್ಟಬಹುದು. ಈಗಾಗಲೇ ಹರಳಾಗಿದ್ದರೆ ಚೆಲ್ಲಬೇಡಿ, ಜಾಮೂನು ಬೇರೆ ತೆಗೆದಿಟ್ಟು, ಪಾಕಕ್ಕೆ ಸ್ವಲ್ಪ ನೀರು, ನಾಲ್ಕು ಹನಿ ಲಿಂಬೆರಸ ಹಾಕಿ ಮತ್ತೆ ಕುದಿಸಿ.

ಸಂಕ್ರಾಂತಿಯ ಕುಸುರೆಳ್ಳಿಗೆ ಮಾತ್ರ ಲಿಂಬೆ ಬೇಡವೇ ಬೇಡ. ಅಲ್ಲಿ ಎಳ್ಳಿನ ಮೈತುಂಬ ಮುಳ್ಳು ಮುಳ್ಳಾಗಿ ಹರಳು ಏಳಬೇಕು. ಸಣ್ಣ ಉರಿಯಲ್ಲಿ ಚಮಚ ಚಮಚ ಪಾಕ ಬಿಡುತ್ತ ಕೈಯಾಡಿಸುತ್ತ ಕೂಡಬೇಕು, ಅವಸರ ಮಾಡಿದರೆ ಮುಳ್ಳು ಬರುವುದಿಲ್ಲ.

ಬೆಲ್ಲದಲ್ಲಿ ಈ ಬಿಡಿ ಸಕ್ಕರೆಗಳು ಮೊದಲೇ ಒಂದಿಷ್ಟು ಇರುತ್ತವೆ, ಗಾಳಿಯ ತೇವ ಎಳೆದುಕೊಳ್ಳುವುದು ಅವೇ. ಅದಕ್ಕೇ ಮಹಾಲಿಂಗಪುರದ ಎಂಥ ಒಳ್ಳೆಯ ಪೆಂಟಿ ಬೆಲ್ಲ ತಂದರೂ ಶ್ರಾವಣದಲ್ಲಿ ನೀರೊಡೆಯುತ್ತದೆ. ಕಾಗದದಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಇನ್ನು ಜೇನು. ಅದರಲ್ಲಿ ಇರುವುದು ಬಹುಪಾಲು ಗ್ಲೂಕೋಸ್, ಫ್ರಕ್ಟೋಸ್ ಎರಡೇ. ಹಾಗಾಗಿ ಸಕ್ಕರೆ ಕಾಯಿಲೆ ಇದ್ದವರು ಜೇನಾದರೆ ನಡೆಯುತ್ತದೆ ಅಂತ ಸುಮ್ನೆ ಚಮಚಗಟ್ಟಲೆ ತಿನ್ನಬೇಡಿ, ದಯವಿಟ್ಟು. ಬಾಟಲಿಯ ತಳದಲ್ಲಿ ಜೇನು ಗಟ್ಟಿಯಾದರೆ ಕಲಬೆರಕೆ ಅಂತಲೂ ಎಸೆಯಬೇಡಿ, ಹರಳಾಗಿರುವುದು ಅದರ ಗ್ಲೂಕೋಸ್. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಡಿ, ಕರಗುತ್ತದೆ.