ಜಾಡಿಯೊಳಗೆ ಕರಗಿಹೋದ ಮುಳ್ಳುಗಳು

ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿ ನಾನು ಕಲಿಸುವ ಜೀವಿಗಳಲ್ಲಿ ಕಲಬುರಗಿಯ ವಿದ್ಯಾರ್ಥಿಗಳಿಗೆ ಅತ್ಯಂತ ಅಪರಿಚಿತವಾದದ್ದು ಹರ್ಡ್‌ಮೇನಿಯಾ ಎಂಬ ಸೀ ಸ್ಕ್ವರ್ಟ್, ಅಂದರೆ ಒಂದೆಡೆ ಅಂಟಿಕೊಂಡೇ ಬದುಕುವ ಚೀಲದಂಥ ಕಡಲಪ್ರಾಣಿ. ಎರೆಹುಳು, ಕಪ್ಪೆಗಳನ್ನು ಹೊಲದಲ್ಲೇ ಕಂಡು ಬಂದವರು ಇದನ್ನು ಫಾರ್ಮಲಿನ್ ಜಾಡಿಯಲ್ಲಿ ಮಾತ್ರ ಕಾಣುತ್ತಾರೆ. ಸುಕ್ಕುಗಟ್ಟಿದ ಆ ಬೂದು ಮುದ್ದೆಯನ್ನು ನೋಡಿ ಒಬ್ಬ ಹುಡುಗ, "ಸರ, ಇದು ಕೊಳತ ಆಲೂಗಡ್ಡಿ ಇದ್ದಂಗ ಅದಲ್ರಿ" ಎಂದಿದ್ದ. ಅವನ ಹೋಲಿಕೆ ತಪ್ಪಲ್ಲ. ಆದರೆ ಜೀವಂತ ಪ್ರಾಣಿ ತಿಳಿಗುಲಾಬಿ ಬಣ್ಣದ್ದು, ಅದರ ತೊಗಲಿನಂಥ ಹೊರಕವಚದಲ್ಲಿ ರಕ್ತನಾಳಗಳು ಕೆಂಪಗೆ ತೋರುತ್ತವೆ. ಮೇಲ್ಭಾಗದ ಎರಡು ಕೊಳವೆಬಾಯಿಗಳಿಗೆ ನಾಲ್ಕು ನಾಲ್ಕು ತುಟಿಗಳಿದ್ದು, ಒಂದರಿಂದ ನೀರು ಒಳಹೋಗಿ, ಜರಡಿಯಂಥ ಗಂಟಲಚೀಲದಲ್ಲಿ ಆಹಾರದ ಕಣಗಳನ್ನು ಲೋಳೆಗೆ ಅಂಟಿಸಿ, ಇನ್ನೊಂದರಿಂದ ಹೊರಬರುತ್ತದೆ. ಮುಟ್ಟಿದರೆ ಮೈ ಮುದುಡಿ ನೀರು ಚಿಮ್ಮಿಸುತ್ತದೆ. ಬಂಡೆಗಳ ಮೇಲಷ್ಟೇ ಅಲ್ಲ, ನಮ್ಮ ಪೂಜೆಯ ಶಂಖವನ್ನು ಕೊಡುವ ಬಸವನಹುಳುವಿನ ಚಿಪ್ಪಿನ ಮೇಲೂ ಇದು ನೆಲೆಸುತ್ತದೆ ಎಂದಾಗ ತರಗತಿ ಕಿವಿಗೊಡುತ್ತದೆ.

ಇಂಥ ಮುದ್ದೆ ನಮ್ಮ ದೂರದ ನೆಂಟ ಎಂದು ನಂಬಿಸಲು ಅದರ ಮರಿಯ ಚಿತ್ರ ಬೇಕು. ಗೊದಮೊಟ್ಟೆಯಂತೆ ಈಜುವ ಆ ಮರಿಯ ಬಾಲದಲ್ಲಿ ನೋಟೋಕಾರ್ಡ್, ಅಂದರೆ ಬೆನ್ನೆಲುಬಿನ ಪ್ರಾಣಿಗಳ ಭ್ರೂಣದಲ್ಲೂ ಕಾಣುವ ಆಧಾರದ ದಂಡ, ಇರುತ್ತದೆ; ಗಟ್ಟಿ ನೆಲೆಗೆ ಅಂಟಿಕೊಂಡ ಮೇಲೆ ಬಾಲವೂ ನೋಟೋಕಾರ್ಡೂ ಇಲ್ಲವಾಗುತ್ತವೆ. 1866ರಲ್ಲಿ ರಷ್ಯಾದ ಪ್ರಾಣಿಶಾಸ್ತ್ರಜ್ಞ ಕೊವಲೆವ್ಸ್ಕಿ ಆಸಿಡಿಯನ್‌ಗಳ, ಅಂದರೆ ಸೀ ಸ್ಕ್ವರ್ಟ್‌ಗಳ, ಮರಿಯನ್ನು ಅಭ್ಯಸಿಸಿ ಈ ನಂಟನ್ನು ತೋರಿಸಿಕೊಟ್ಟರು.

ನನ್ನನ್ನು ಹೆಚ್ಚು ಸತಾಯಿಸಿದ್ದು ಸ್ಪಿಕ್ಯೂಲ್‌ಗಳ, ಅಂದರೆ ಅಂಗಾಂಶದೊಳಗಿನ ಸೂಕ್ಷ್ಮ ಮುಳ್ಳುಗಳ, ಸ್ಲೈಡ್ ತಯಾರಿಕೆ. ಮೊದಲ ವರ್ಷ ಹೊರಕವಚದ ತುಂಡನ್ನೇ ಶೇಕಡ 10ರ ಪೊಟ್ಯಾಷಿಯಂ ಹೈಡ್ರಾಕ್ಸೈಡ್‌ನಲ್ಲಿ ಕುದಿಸಿದೆ. ಅದು ಕರಗಲಿಲ್ಲ, ಏಕೆಂದರೆ ಆ ಕವಚದಲ್ಲಿರುವುದು ಗಿಡಗಳ ಸೆಲ್ಯುಲೋಸ್‌ಗೆ ಸಮನಾದ ಟ್ಯೂನಿಸಿನ್. ಕ್ಷಾರಕ್ಕೆ ಅದು ಜಗ್ಗುವುದಿಲ್ಲ. ಕವಚವನ್ನು ಸುಲಿದು, ಒಳಗಿನ ಮ್ಯಾಂಟಲ್‌ನ, ಅಂದರೆ ಮೆತ್ತನೆಯ ಮೈಗೋಡೆಯ, ತುಂಡನ್ನು ಅದೇ ಕ್ಷಾರದೊಂದಿಗೆ ಪ್ರನಾಳದಲ್ಲಿಟ್ಟು ಬಿಸಿನೀರಿನ ಪಾತ್ರೆಯಲ್ಲಿ ಕಾಯಿಸಿದಾಗ ಅಂಗಾಂಶವೆಲ್ಲ ಕರಗಿತು. ಆದರೆ ತಳದಲ್ಲಿ ಏನೂ ಉಳಿಯಲಿಲ್ಲ! ನನ್ನ ಕೈಯಲ್ಲೇ ದೋಷವಿದೆಯೆಂದು ಮೂರು ಬಾರಿ ಮತ್ತೆ ಮಾಡಿ ನೋಡಿದೆ.

ಕಾರಣ ಹೊಳೆದದ್ದು ಜಾಡಿಯ ದ್ರವಕ್ಕೆ ಲಿಟ್ಮಸ್ ಅದ್ದಿದಾಗ. ಹಳೆಯ ಫಾರ್ಮಲಿನ್‌ನಲ್ಲಿ ಫಾರ್ಮಿಕ್ ಆಮ್ಲ ಹುಟ್ಟಿಕೊಳ್ಳುತ್ತದೆ. ಈ ಮುಳ್ಳುಗಳು ಕ್ಯಾಲ್ಷಿಯಂ ಕಾರ್ಬೊನೇಟ್‌ನವು. ಮಾದರಿಯನ್ನು ಕಾಪಾಡಬೇಕಾದ ದ್ರವವೇ ವರ್ಷಗಟ್ಟಲೆ ಅವುಗಳನ್ನು ತಿಂದುಹಾಕಿತ್ತು.

ಮುಂದಿನ ಬಾರಿ ಆಲ್ಕೋಹಾಲ್‌ನಲ್ಲಿಟ್ಟ ಮಾದರಿಯನ್ನೇ ತರಿಸಿದೆ. ಮ್ಯಾಂಟಲ್ ಕರಗಿದ ಮೇಲೆ ಪ್ರನಾಳವನ್ನು ಅಲುಗಾಡಿಸದೆ ನಿಲ್ಲಿಸಿ, ಮೇಲಿನ ನೀರನ್ನು ಬಸಿದು, ಮತ್ತೆ ನೀರು ಹಾಕಿ, ಹೀಗೆ ನಾಲ್ಕೈದು ಸಲ ತೊಳೆದೆ. ಇಲ್ಲಿ ಅವಸರ ಮಾಡಿದರೆ ಮುಳ್ಳುಗಳು ನೀರಿನೊಂದಿಗೇ ಸಿಂಕಿಗೆ ಹೋಗುತ್ತವೆ. ಸೂಕ್ಷ್ಮದರ್ಶಕದಲ್ಲಿ ಎರಡು ಬಗೆ ಕಂಡವು: ಕದಿರಿನಂತೆ ಎರಡೂ ತುದಿ ಚೂಪಾದವು, ನಡುವೆ ಉಬ್ಬಿದ ಪಿಪೆಟ್‌ನಂಥವು. ಎರಡರ ಮೈಮೇಲೂ ಬಳೆಬಳೆಯಾಗಿ ಕಿರುಮುಳ್ಳುಗಳ ಸಾಲು.

ನಮ್ಮ ಪ್ರಯೋಗಾಲಯದ ನೆಲ ಶಹಾಬಾದ್ ಕಲ್ಲಿನದು, ಅಂದರೆ ಸುಣ್ಣಕಲ್ಲು. ಅದರ ಮೇಲೊಂದು ತೊಟ್ಟು, ಸ್ಲೈಡಿನ ಅಂಚಿಗೊಂದು ತೊಟ್ಟು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟು ಎರಡೂ ಕಡೆ ಗುಳ್ಳೆ ಏಳುವುದನ್ನು ತೋರಿಸುತ್ತೇನೆ. ಕಲ್ಲಿನಲ್ಲಿರುವುದು ಬಹುಪಾಲು ಕ್ಯಾಲ್ಸೈಟ್, ಹರ್ಡ್‌ಮೇನಿಯಾದ ಒಳಮೈಯ ಮುಳ್ಳುಗಳಲ್ಲಿರುವುದು ಅಪರೂಪದ ವ್ಯಾಟರೈಟ್. ಎರಡೂ ಕ್ಯಾಲ್ಷಿಯಂ ಕಾರ್ಬೊನೇಟೇ, ಹರಳಿನ ಜೋಡಣೆ ಬೇರೆ. ಫಾರ್ಮಲಿನ್‌ನಲ್ಲೇ ಇಡಬೇಕಾದ ಇತರ ಮಾದರಿಗಳ ಜಾಡಿಗಳಿಗೆ ಈಗ ತೊಳೆದ ಶಹಾಬಾದ್ ಕಲ್ಲಿನ ಚೂರುಗಳನ್ನು ಹಾಕಿಟ್ಟಿದ್ದೇನೆ, ಆಮ್ಲ ಮೊದಲು ಅವುಗಳನ್ನು ತಿನ್ನಲಿ ಎಂದು; ಆದರೂ ಪ್ರತಿ ಜೂನ್‌ನಲ್ಲಿ ಲಿಟ್ಮಸ್ ಅದ್ದಿ ನೋಡದೆ ಕಪಾಟು ಮುಚ್ಚುವುದಿಲ್ಲ.