‘ಧ’ದ ಗೀರು ಕಳೆದುಹೋದ ಮೇಲೆ: ಹಳೆ ಬೋರ್ಡಿನ ಅಕ್ಷರಗಳನ್ನು ವೆಕ್ಟರ್‌ಗೆ ತಂದ ನನ್ನ ಅನುಭವ

ತಿಪಟೂರಿನಲ್ಲಿ ನನ್ನದು ಸ್ಟಿಕ್ಕರ್ ಕಟಿಂಗ್ ಮತ್ತು ಬೋರ್ಡಿನ ಕೆಲಸ. 2011ರಲ್ಲಿ, ಅಂಗಡಿ ಹಾಕಿದ ಹೊಸದರಲ್ಲಿ, ಒಬ್ಬರು ಬಂದು ತಮ್ಮ ಪಿಕಪ್ ಗಾಡಿಯ ಎರಡೂ ಪಕ್ಕಕ್ಕೆ ಅಂಗಡಿ ಹೆಸರು ಅಂಟಿಸಿಕೊಡಿ ಎಂದು ವಿಸಿಟಿಂಗ್ ಕಾರ್ಡ್ ಕೊಟ್ಟು ಹೋದರು. ಹೆಸರು ‘ಧನ’ ಎಂದು ಶುರುವಾಗುತ್ತಿತ್ತು. ಕಾರ್ಡಿನಲ್ಲಿ ಅಕ್ಷರದ ಎತ್ತರ ಅರ್ಧ ಸೆಂಟಿಮೀಟರ್ ಕೂಡ ಇರಲಿಲ್ಲ. ಸ್ಕ್ಯಾನ್ ಮಾಡಿದೆ, ಕೋರೆಲ್‌ಡ್ರಾ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ, ಚಿತ್ರದ ಅಂಚು ಹಿಡಿದು ತಾನೇ ಗೆರೆ ಎಳೆದುಕೊಡುವ ಟ್ರೇಸ್ ಒತ್ತಿದೆ, ಬಂದ ಆಕಾರವನ್ನು ಒಂದಡಿ ಎತ್ತರಕ್ಕೆ ಹಿಗ್ಗಿಸಿ, ಸ್ಟಿಕ್ಕರ್ ಕತ್ತರಿಸುವ ಯಂತ್ರವಾದ ಪ್ಲಾಟರ್‌ಗೆ ಕಳಿಸಿದೆ. ಸಂಜೆಯೊಳಗೆ ಅಂಟಿಸಿಯೂ ಆಯಿತು. ಮಾರನೆಯ ಬೆಳಿಗ್ಗೆ ಅವರ ಮಗಳು, ಇನ್ನೂ ಮೂರನೇ ಕ್ಲಾಸು, ಗಾಡಿ ಮುಂದೆ ನಿಂತು ಬೆರಳಿಟ್ಟು ಓದಿದಳು: “ದನ...”

‘ಧ’ದ ಹೊಟ್ಟೆ ಸೀಳುವ ಆ ಪುಟ್ಟ ಗೀರು ಎಲ್ಲೋ ಮಾಯವಾಗಿತ್ತು. ಅಂಟಿಸಿದ್ದನ್ನೆಲ್ಲ ಕಿತ್ತು, ಹೊಸ ವಿನೈಲ್ (ಸ್ಟಿಕ್ಕರ್ ಹಾಳೆ) ಹಾಕಿ ಮತ್ತೆ ಮಾಡಿಕೊಟ್ಟೆ. ವಿನೈಲ್ ಹೋದದ್ದಕ್ಕಿಂತ ಹೆಚ್ಚಾಗಿ, ಒಬ್ಬರ ಮನೆತನದ ಹೆಸರನ್ನು ನಾನು ಓದದೆಯೇ ಕತ್ತರಿಸಿದೆನಲ್ಲ ಎಂಬುದು ಬಹಳ ದಿನ ಕೊರೆಯಿತು. ಟ್ರೇಸ್ ಎಂಬ ಗುಂಡಿಯ ಒಳಗೆ ಏನು ನಡೆಯುತ್ತದೆ ಎಂದು ತಿಳಿದುಕೊಳ್ಳಬೇಕೆಂದು ಹೊರಟದ್ದು ಅಲ್ಲಿಂದ.

ಬಿಟ್‌ಮ್ಯಾಪ್ ಎಂದರೆ ಚೌಕುಳಿಗಳ ಹಾಸು. ಒಂದೊಂದು ಚೌಕಕ್ಕೂ ಒಂದು ಬಣ್ಣ, ಅಷ್ಟೇ. ವೆಕ್ಟರ್‌ನಲ್ಲಿ ಚೌಕಗಳಿಲ್ಲ, ಇಲ್ಲಿಂದ ಹೊರಡು, ಈ ಕಡೆಗೆ ವಾಲು, ಅಲ್ಲಿ ಸೇರು ಎಂಬ ಗೆರೆಯ ಲೆಕ್ಕ ಮಾತ್ರ ಇರುತ್ತದೆ. ಆದ್ದರಿಂದಲೇ ಎಷ್ಟು ಹಿಗ್ಗಿಸಿದರೂ ಅಂಚು ಹರಿಯುವುದಿಲ್ಲ, ಪ್ಲಾಟರಿನ ಚಾಕು ಅದೇ ಗೆರೆಯ ಮೇಲೆ ಓಡುತ್ತದೆ. ಈ ಬಾಗುಗೆರೆಯ ಲೆಕ್ಕ ಹುಟ್ಟಿದ್ದು ಫ್ರಾನ್ಸಿನ ಕಾರು ಕಾರ್ಖಾನೆಗಳಲ್ಲಿ. 1959ರ ಹೊತ್ತಿಗೆ ಸಿತ್ರೊಯೆನ್‌ನ ಪಾಲ್ ದ ಕಾಸ್ತೆಲ್ಜೋ, 1960ರ ದಶಕದಲ್ಲಿ ರೆನೋದ ಪಿಯರ್ ಬೆಜಿಯರ್, ಕಾರಿನ ಮೈಯ ಬಾಗನ್ನು ಯಂತ್ರಕ್ಕೆ ಹೇಳಿಕೊಡಲು ಇದನ್ನು ಬಳಸಿದರು. ಗೆರೆಗೆ ಬೆಜಿಯರ್ ಅವರ ಹೆಸರೇ ಉಳಿಯಿತು. ನಮ್ಮ ದುಂಡನೆಯ ಕನ್ನಡ ಅಕ್ಷರಕ್ಕೆ ಇದಕ್ಕಿಂತ ಹೊಂದುವ ಉಪಕರಣ ಇನ್ನೊಂದಿಲ್ಲ ಎಂದೇ ನನಗನ್ನಿಸುತ್ತದೆ.

ಆಟೋ ಟ್ರೇಸ್ ಏನು ಮಾಡುತ್ತದೆ ಎಂಬುದನ್ನು ಇಂಕ್‌ಸ್ಕೇಪ್ ಎಂಬ ವೆಕ್ಟರ್ ಸಾಫ್ಟ್‌ವೇರಿನಲ್ಲಿ ಚೆನ್ನಾಗಿ ನೋಡಬಹುದು. ಅದರೊಳಗೆ ಕೆಲಸ ಮಾಡುವುದು ಪೀಟರ್ ಸೆಲಿಂಜರ್ ಬರೆದ ಪೊಟ್ರೇಸ್ ಎಂಬ ಪ್ರೋಗ್ರಾಂ. ಅದು ಮೊದಲು ಚಿತ್ರವನ್ನು ಅಪ್ಪಟ ಕಪ್ಪು ಬಿಳುಪು ಮಾಡುತ್ತದೆ. ಆಮೇಲೆ ಕಪ್ಪಿನ ಅಂಚು ಹಿಡಿದು ನಡೆಯುತ್ತಾ ನೇರ ಗೆರೆಗಳ ಬಹುಭುಜ ಕಟ್ಟುತ್ತದೆ. ಕೊನೆಗೆ ಒಂದೊಂದು ತಿರುವೂ ಮೂಲೆಯೋ ಬಾಗೋ ಎಂದು ತೀರ್ಮಾನಿಸಿ ಉಜ್ಜಿ ನುಣುಪು ಮಾಡುತ್ತದೆ. ಇದರಲ್ಲಿ ಎಲ್ಲಿಯೂ ಅಕ್ಷರ ಎಂಬ ತಿಳಿವಳಿಕೆ ಇಲ್ಲ. ಇಷ್ಟು ಪಿಕ್ಸೆಲ್‌ಗಿಂತ ಸಣ್ಣದಾದ ಚುಕ್ಕೆ ಕಸ ಎಂದು ತೆಗೆದುಹಾಕುವ ಒಂದು ಸೆಟ್ಟಿಂಗ್ ಇದೆ. ಸಣ್ಣ ಚಿತ್ರ ಕೊಟ್ಟು ಆ ಸಂಖ್ಯೆ ಏರಿಸಿದರೆ ‘ಠ’ದ ಚುಕ್ಕೆ ಹೋಗಿ ‘ರ’ದಂತೆ ಕಾಣುತ್ತದೆ, ‘ಥ’ದ ಚುಕ್ಕೆ ಹೋಗಿ ‘ಧ’ ಆಗುತ್ತದೆ. ಮೂಲೆ ನುಣುಪು ಮಾಡುವ ಸೆಟ್ಟಿಂಗ್ 0ಯಿಂದ 1.34ರವರೆಗೆ ಇರುತ್ತದೆ, ತುದಿಗೆ ಒಯ್ದರೆ ಮೂಲೆಯೇ ಉಳಿಯುವುದಿಲ್ಲ, ಮೈಗೆ ಅಂಟಿಕೊಂಡ ಗೀರು ಕರಗಿ ಉಬ್ಬಾಗುತ್ತದೆ. ನನ್ನ ‘ಧ’ಕ್ಕೆ ಆದದ್ದು ಇಂಥದ್ದೇ. ಕೋರೆಲ್‌ಡ್ರಾದ ಪವರ್‌ಟ್ರೇಸ್‌ನಲ್ಲೂ ಡೀಟೇಲ್, ಸ್ಮೂತಿಂಗ್ ಎಂಬ ಸ್ಲೈಡರ್‌ಗಳನ್ನು ಎಳೆದಾಗ ಆಗುವುದು ಹೆಚ್ಚು ಕಡಿಮೆ ಇದೇ.

ಇಷ್ಟು ಕಲಿತದ್ದು ನಿಜವಾಗಿ ಕೆಲಸಕ್ಕೆ ಬಂದದ್ದು ಒಂದು ಕೊಬ್ಬರಿ ಮಂಡಿಯ ಬೋರ್ಡಿನಲ್ಲಿ.

ನಮ್ಮೂರು ಉಂಡೆ ಕೊಬ್ಬರಿಗೆ ಹೆಸರುವಾಸಿ. ಮಾರ್ಕೆಟ್ಟಿನ ಒಂದು ಮಂಡಿ ಮುಂದೆ ಹತ್ತಡಿ ಉದ್ದ, ಮೂರಡಿ ಎತ್ತರದ ತಗಡಿನ ಬೋರ್ಡ್ ಇತ್ತು. ಹಳದಿ ಮೇಲೆ ಕೆಂಪು ಅಕ್ಷರ, ಎಡಕ್ಕೆ ಕೆಳಗೆ ಕಪ್ಪು ನೆರಳು. ಎನಾಮಲ್ ಪೇಂಟಿನಲ್ಲಿ ಕೈಯಿಂದ ಬರೆದದ್ದು. ತಗಡು ತುಕ್ಕು ಹಿಡಿದು ಮೂಲೆ ಉದುರುತ್ತಿತ್ತು. ಯಜಮಾನರು ನನ್ನನ್ನು ಕರೆಸಿ ಹೇಳಿದರು: “ನೋಡಪ್ಪ, ನಮ್ಮಪ್ಪ ಇದ್ದಾಗ ಬರ್ಸಿದ್ದು ಇದು. ಬರೆದೋನೂ ಈಗಿಲ್ಲ. ಬೋರ್ಡು ಹೊಸದಾಗ್ಲಿ, ಅಕ್ಷರ ಮಾತ್ರ ಹಂಗೇ ಇರ್ಬೇಕು.” ಜೊತೆಗೆ ಲಾರಿಗೆ ಸ್ಟಿಕ್ಕರ್, ಚೀಲದ ಮೇಲೆ ಮಾರ್ಕು ಹೊಡೆಯುವ ತಗಡಿನ ಅಚ್ಚು, ಮೂರೂ ಅದೇ ಅಕ್ಷರದಲ್ಲಿ ಬೇಕೆಂದರು.

“ಆಗ್ಲಿ ಯಜಮಾನ್ರೇ, ಆದ್ರೆ ಒಂದು ವಾರ ಟೈಮ್ ಕೊಡಿ” ಅಂದೆ. ಫಾಂಟ್ ಹಾಕಿ ಕೊಟ್ಟಿದ್ದರೆ ಅರ್ಧ ಗಂಟೆಯ ಕೆಲಸ. ಎಷ್ಟೋ ಕೆಲಸಗಳಲ್ಲಿ ಅದೇ ಸರಿ ಕೂಡ. ಗ್ರಾಹಕರು ತಂದದ್ದು ನುಡಿ, ಶ್ರೀಲಿಪಿಯಂಥ ಕನ್ನಡ ತಂತ್ರಾಂಶದ ಅಕ್ಷರವಾಗಿದ್ದರೆ ಟ್ರೇಸ್ ಮಾಡುವ ಗೋಜಿಗೇ ಹೋಗಬಾರದು, ಆ ಫಾಂಟ್ ಹುಡುಕಿ ಟೈಪ್ ಮಾಡಿ ಕರ್ವ್ಸ್‌ಗೆ, ಅಂದರೆ ವೆಕ್ಟರ್ ಗೆರೆಗೆ, ತಿರುಗಿಸಬೇಕು. ಇದು ಅಂಥದ್ದಲ್ಲ. ಇಲ್ಲಿ ‘ಕ’ದ ತಲೆಕಟ್ಟು ದಪ್ಪಗೆ ಶುರುವಾಗಿ, ಬ್ರಶ್ ಎತ್ತಿದ ಕಡೆ ಬಾಳೆಎಲೆಯ ತುದಿಯಂತೆ ಸಣ್ಣಗಾಗಿತ್ತು.

ಅವರ ಮಗ ಅಷ್ಟರಲ್ಲಾಗಲೇ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿಬಿಟ್ಟಿದ್ದರು. ಅದನ್ನು ಬಳಸಲಿಲ್ಲ. ಹಾಗೆ ಬರುವ ಫೋಟೋ ಕುಗ್ಗಿರುತ್ತದೆ. ಜೆಪೆಗ್ ಕುಗ್ಗಿಸುವಾಗ ಚಿತ್ರವನ್ನು 8ಕ್ಕೆ 8 ಪಿಕ್ಸೆಲ್‌ನ ತುಂಡು ಮಾಡಿಕೊಳ್ಳುವುದರಿಂದ ಅಕ್ಷರದ ಅಂಚಿನ ಸುತ್ತ ನುಸಿ ಮುತ್ತಿದಂತಾಗಿರುತ್ತದೆ. ಟ್ರೇಸ್ ಮಾಡುವಾಗ ಆ ನುಸಿಯೂ ಆಕಾರವೇ ಆಗುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಎಂದು ಕಳಿಸಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ.

ನಾನೇ ಬೆಳಿಗ್ಗೆ ಬಿಸಿಲು ಬೀಳುವ ಮೊದಲು ಹೋದೆ. ಎನಾಮಲ್ ಮೇಲೆ ಬಿಸಿಲು ಬಿದ್ದರೆ ಹೊಳಪಿನಲ್ಲಿ ಅರ್ಧ ಅಕ್ಷರ ಕಾಣುವುದಿಲ್ಲ. ಹತ್ತಿರದಿಂದ ತೆಗೆದರೆ ಅಂಚಿನ ಗೆರೆ ಹೊಟ್ಟೆ ಉಬ್ಬುತ್ತದೆ, ಅದಕ್ಕೆ ರಸ್ತೆಯ ಆಚೆ ನಿಂತು, ಜೂಮ್ ಮಾಡಿ, ಬೋರ್ಡಿನ ನಡುಮಧ್ಯಕ್ಕೆ ನೇರವಾಗಿ ತೆಗೆದೆ. ಆಮೇಲೆ ಏಣಿ ಹಾಕಿ ಟೇಪಿನಲ್ಲಿ ಬೋರ್ಡಿನ ನಾಲ್ಕೂ ಅಂಚು, ಒಂದೊಂದು ಅಕ್ಷರದ ಎತ್ತರ ಅಳೆದುಕೊಂಡೆ. ‘ಮಂಡಿ’ಯ ‘ಮ’ದ ಮೇಲೆ ಪೇಂಟ್ ಚಕ್ಕೆ ಎದ್ದಿತ್ತು, ಆದರೆ ಕೈಯಾಡಿಸಿದರೆ ಬ್ರಶ್ಶಿನ ಅಂಚು ಇನ್ನೂ ತಡೆಯುತ್ತಿತ್ತು. ಅದರ ಮೇಲೆ ಬಟರ್ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿದೆ. ಫೋಟೋದಲ್ಲಿ ಇಲ್ಲದ ಗೆರೆ ಕಾಗದದ ಮೇಲೆ ಎದ್ದು ಬಂತು.

ಗಿಂಪ್ ಎಂಬ ಫೋಟೋ ತಿದ್ದುವ ಸಾಫ್ಟ್‌ವೇರಿನಲ್ಲಿ, ಓರೆ ಸರಿಪಡಿಸುವ ಪರ್ಸ್ಪೆಕ್ಟಿವ್ ಉಪಕರಣದಿಂದ ನಾಲ್ಕು ಮೂಲೆ ಎಳೆದು ಹತ್ತಕ್ಕೆ ಮೂರರ ಆಯತಕ್ಕೆ ಕೂರಿಸಿದೆ. ಕೆಂಪು, ಕಪ್ಪು ನೆರಳು, ತುಕ್ಕು ಮೂರೂ ಆಟೋ ಟ್ರೇಸ್‌ಗೆ ಒಂದೇ ಕಪ್ಪಾಗಿ ಕಂಡವು. ಪರೀಕ್ಷೆಗೆಂದು ‘ಕೊಬ್ಬರಿ’ ಎಂಬ ಪದವನ್ನಷ್ಟೇ ಕತ್ತರಿಸಿ, ಸ್ವಚ್ಛ ಮಾಡಿ, ಒಂದೆರಡು ಪಿಕ್ಸೆಲ್ ಬ್ಲರ್ ಕೊಟ್ಟು, ಥ್ರೆಶ್‌ಹೋಲ್ಡ್ ಹಾಕಿ (ನಡುವಿನ ಬಣ್ಣವನ್ನೆಲ್ಲ ಕಪ್ಪು ಇಲ್ಲವೇ ಬಿಳುಪು ಮಾಡಿ) ಟ್ರೇಸ್ ಮಾಡಿದೆ. ಬ್ಲರ್ ಕೊಟ್ಟು ಥ್ರೆಶ್‌ಹೋಲ್ಡ್ ಹಾಕುವುದು ಒಳ್ಳೆಯ ಉಪಾಯ, ಅಂಚಿನ ಹಲ್ಲುಗಳು ಅರ್ಧ ಕಡಿಮೆಯಾಗುತ್ತವೆ. ಆದರೂ ಆ ಒಂದು ಪದಕ್ಕೆ 412 ನೋಡ್‌ಗಳು, ಅಂದರೆ ಗೆರೆಯನ್ನು ಹಿಡಿದಿಡುವ ಬಿಂದುಗಳು, ಬಂದವು. ತುಕ್ಕಿನ ಕಲೆಯೂ ಅಕ್ಷರದ ಅಂಚಾಗಿ ಕೂತಿತ್ತು. ಹೆಚ್ಚು ನೋಡ್ ಇದ್ದರೆ ಪ್ಲಾಟರಿನ ಚಾಕು ಪ್ರತಿಯೊಂದರಲ್ಲೂ ತಡವರಿಸುತ್ತದೆ, ಅಂಚು ನಡುಗಿದಂತೆ ಕಾಣುತ್ತದೆ, ಬೇಡದ ವಿನೈಲ್ ಕೀಳುವಾಗ ಸಣ್ಣ ಚೂರುಗಳು ಅಕ್ಷರದ ಜೊತೆ ಎದ್ದು ಬರುತ್ತವೆ. ಸಿಂಪ್ಲಿಫೈ ಒತ್ತಿದರೆ ನೋಡ್ ಕಡಿಮೆಯಾಗುತ್ತವೆ ನಿಜ, ಆ ಬಾಳೆಎಲೆಯ ತುದಿಯೂ ಜೊತೆಗೆ ಹೋಗುತ್ತದೆ.

ಹಾಗಾಗಿ ಫೋಟೋವನ್ನು ಕೆಳಗಿನ ಲೇಯರ್‌ನಲ್ಲಿ ಮಸುಕು ಮಾಡಿ ಲಾಕ್ ಮಾಡಿದೆ. ಮೇಲೆ ಬೆಜಿಯರ್ ಪೆನ್ ಹಿಡಿದು ಕೈಯಿಂದಲೇ ಶುರು ಮಾಡಿದೆ.

ಕೈಯಿಂದ ಎಳೆಯುವಾಗ ನಾನು ಬಿಡದೆ ಪಾಲಿಸುವ ಕ್ರಮ ಒಂದೇ: ಬಾಗುಗೆರೆಯ ಅತ್ಯಂತ ಮೇಲೆ, ಅತ್ಯಂತ ಕೆಳಗೆ, ಎಡತುದಿ, ಬಲತುದಿ, ಅಲ್ಲಿ ನೋಡ್ ಇಡಬೇಕು, ಕಂಟ್ರೋಲ್ ಕೀ ಒತ್ತಿ, ನೋಡ್‌ನಿಂದ ಹೊರಟು ಗೆರೆಯ ಬಾಗು ತಿದ್ದುವ ಹ್ಯಾಂಡಲ್‌ಗಳನ್ನು ನೇರ ಅಡ್ಡ ಅಥವಾ ನೇರ ಉದ್ದಕ್ಕೆ ಎಳೆಯಬೇಕು. ಪೂರ್ತಿ ವೃತ್ತಕ್ಕೂ ನಾಲ್ಕೇ ನೋಡ್ ಸಾಕು. ಹ್ಯಾಂಡಲ್‌ನ ಉದ್ದ ತ್ರಿಜ್ಯದ ಸುಮಾರು 0.55 ಪಟ್ಟು ಇದ್ದರೆ ಅದು ಕಣ್ಣಿಗೆ ವೃತ್ತವೇ. ‘ರಿ’ಯ ಮೈಗೆ ಹೊರಗೆ ನಾಲ್ಕು, ಒಳಗೆ ನಾಲ್ಕು ಇಟ್ಟೆ. ಕಷ್ಟವಾದದ್ದು ಗುಡಿಸು ಮೈಗೆ ಕೂಡುವ ಕಡೆ. ಅಲ್ಲಿ ಬರೆದವರು ಬ್ರಶ್ ತಿರುಗಿಸಿದ್ದಾರೆ, ಗೆರೆ ತೆಳ್ಳಗಾಗಿ ತಕ್ಷಣ ದಪ್ಪವಾಗುತ್ತದೆ. ಒಳಗೆರೆ ಹೊರಗೆರೆಗಳ ನೋಡ್‌ಗಳನ್ನು ಎದುರುಬದುರು ಇಟ್ಟಾಗ ಮಾತ್ರ ಆ ತಿರುವು ಹಿಡಿತಕ್ಕೆ ಬಂತು. ‘ಬ್ಬ’ದ ಒತ್ತಕ್ಷರ ಮೇಲಿನ ‘ಬ’ದ ಸಣ್ಣ ರೂಪ ಅಂದುಕೊಂಡು, ‘ಬ’ವನ್ನೇ ಕಾಪಿ ಮಾಡಿ ಕುಗ್ಗಿಸಿ ಇಟ್ಟು ನೋಡಿದೆ. ಗೆರೆ ತೆಳ್ಳಗಾಗಿ ಬಡಕಲಾಯಿತು. ಬರೆದವರು ಒತ್ತಿಗೂ ಅದೇ ಬ್ರಶ್ ಬಳಸಿದ್ದರು, ಆದ್ದರಿಂದ ಗಾತ್ರ ಸಣ್ಣದಾದರೂ ದಪ್ಪ ಅಷ್ಟೇ ಇತ್ತು. ಅದನ್ನೂ ಬೇರೆಯಾಗಿಯೇ ಎಳೆದೆ. ಇಡೀ ಪದ 61 ನೋಡ್‌ಗಳಲ್ಲಿ ಮುಗಿಯಿತು.

‘ಮಂಡಿ’ಯ ಸೊನ್ನೆಯಲ್ಲಿ ನಾನು ಒಂದು ತಪ್ಪು ಮಾಡಿದೆ. ಸೊನ್ನೆ ತಾನೆ ಎಂದು ಎಲಿಪ್ಸ್ ಉಪಕರಣದಿಂದ ಒಂದು ಚೊಕ್ಕ ವೃತ್ತ ಹಾಕಿ ಮುಂದೆ ಹೋದೆ. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ ದೂರ ನಿಂತು ನೋಡಿದರೆ ಆ ಸೊನ್ನೆ ಬೇರೆ ಊರಿನಿಂದ ಬಂದ ಹಾಗಿತ್ತು. ಮತ್ತೆ ಫೋಟೋ ನೋಡಿದೆ. ಮೂಲದ ಸೊನ್ನೆ ಬಲಕ್ಕೆ ಒಂಚೂರು ವಾಲಿದೆ, ಒಳಗಿನ ಖಾಲಿ ಜಾಗ ಹೊರಗಿನ ಉಂಗುರಕ್ಕೆ ಸರಿಯಾಗಿ ನಡುವೆ ಇಲ್ಲ, ಎಡಗಡೆ ಗೆರೆ ದಪ್ಪ. ಕೈ ಸುತ್ತಿದ ದಿಕ್ಕು ಅದರಲ್ಲಿದೆ. ಅಳಿಸಿ, ಎಂಟು ನೋಡ್‌ಗಳಲ್ಲಿ ಅದನ್ನು ಹಾಗೆಯೇ ಎಳೆದ ಮೇಲೆ ಪದ ಒಂದಾಯಿತು.

ನೆರಳನ್ನು ಬೇರೆ ಲೇಯರ್‌ನಲ್ಲಿ ಎಳೆದು, ಕೆಂಪಕ್ಷರದ ಅಡಿಗೆ ಎರಡು ಮಿಲಿಮೀಟರ್ ಒಳಸರಿಸಿದೆ. ಎರಡು ವಿನೈಲ್ ಅಂಚಿಗೆ ಅಂಚು ತಾಗಿಸಿ ಅಂಟಿಸಿದರೆ ಬಿಸಿಲಿಗೆ ಸಂಕುಚಿಸಿ ನಡುವೆ ಹಳದಿ ಗೆರೆ ಬಿಡುತ್ತದೆ.

ಅಚ್ಚಿನ ಕೆಲಸ ಬೇರೆಯೇ. ತಗಡಿನಲ್ಲಿ ಅಕ್ಷರ ಕತ್ತರಿಸಿದರೆ ‘ರಿ’ಯ ಒಳಗಿನ ತುಂಡು ಹಿಡಿದುಕೊಳ್ಳಲು ಏನೂ ಇಲ್ಲದೆ ಕಳಚಿ ಬೀಳುತ್ತದೆ. ಅದನ್ನು ಹಿಡಿದಿಡಲು ಕತ್ತರಿಸದ ಸಣ್ಣ ಪಟ್ಟಿ, ಅಂದರೆ ಸೇತುವೆ, ಬಿಡಬೇಕು. ಯಜಮಾನರ ಹತ್ತಿರ ಡಬ್ಬದ ತಗಡಿನಲ್ಲಿ ಉಳಿಯಿಂದ ಕಡಿದ ಹಳೆಯ ಅಚ್ಚು ಇತ್ತು, ಅದನ್ನು ನೋಡಿಯೇ ಕಲಿತೆ. ಅದರಲ್ಲಿ ಸೇತುವೆಗಳೆಲ್ಲ ಗೆರೆ ಸಣ್ಣಗಾಗುವ ಕಡೆಯೇ ಇದ್ದವು, ಗೆರೆಗೆ ಅಡ್ಡಲಾಗಿ. ದಪ್ಪಗಿರುವ ಕಡೆ ಬಿಟ್ಟರೆ ಅಕ್ಷರ ಮುರಿದಂತೆ ಕಾಣುತ್ತದೆ. ನಾನೂ ಅಲ್ಲಲ್ಲಿಯೇ ಮೂರು ಮಿಲಿಮೀಟರ್ ಅಗಲದ ಸೇತುವೆ ಬಿಟ್ಟು, ಲೇಸರ್ ಕಟಿಂಗ್‌ಗೆ ತುಮಕೂರಿಗೆ ಕಳಿಸಿದೆ. ಡಿಎಕ್ಸ್‌ಎಫ್ ಕಡತ (ಕಟಿಂಗ್ ಯಂತ್ರಕ್ಕೆ ಕೊಡುವ ಗೆರೆಚಿತ್ರದ ಕಡತ) ಕಳಿಸುವಾಗ ಮಿಲಿಮೀಟರೋ ಇಂಚೋ ಎಂದು ಫೋನಿನಲ್ಲಿ ಹೇಳಿ, ಒಂದು ಅಳತೆಯನ್ನೂ ಬರೆದು ಕೊಡಿ. ಅಳತೆಯ ಮಾನ ತಪ್ಪಿದರೆ ಅಕ್ಷರ 25.4 ಪಟ್ಟು ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಒಂದರ ಮೇಲೊಂದು ಅದೇ ಗೆರೆ ಎರಡು ಸಲ ಉಳಿದಿದ್ದರೆ ಲೇಸರ್ ಎರಡು ಸಲ ಸುಡುತ್ತದೆ, ಅದನ್ನೂ ಬರೀ ಗೆರೆ ತೋರಿಸುವ ವೈರ್‌ಫ್ರೇಮ್‌ನಲ್ಲಿ ನೋಡಿ ಅಳಿಸಿರಬೇಕು.

ಆಟೋ ಟ್ರೇಸ್ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಬಿಳಿ ಕಾಗದದ ಮೇಲೆ ಕಪ್ಪು ಪೆನ್ನಿನ ಸಹಿ, ರಂಗೋಲಿ, ಸ್ಕ್ರೀನ್ ಪ್ರಿಂಟಿಂಗ್‌ಗೆ ಬರುವ ಗೆರೆಚಿತ್ರ, ಇವನ್ನು 600 ಡಿಪಿಐಗೆ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ ಕೊಟ್ಟರೆ ಅದು ಸೊಗಸಾಗಿ ಮಾಡುತ್ತದೆ. ರಂಗೋಲಿಯಂಥ ಒಂಟಿ ಗೆರೆಗೆ ಇಂಕ್‌ಸ್ಕೇಪ್ 1.0ರಿಂದ ಸೆಂಟರ್‌ಲೈನ್ ಟ್ರೇಸ್ ಕೂಡ ಇದೆ, ಅದು ಗೆರೆಯ ಎರಡು ಅಂಚು ಕೊಡುವ ಬದಲು ನಡುಗೆರೆಯನ್ನೇ ಕೊಡುತ್ತದೆ. ಮುಖದ ಫೋಟೋವನ್ನು ವೆಕ್ಟರ್ ಮಾಡಿಕೊಡಿ ಎಂದು ಬಂದವರಿಗೆ ಮಾತ್ರ ಬೇಡ ಎನ್ನುತ್ತೇನೆ. ಫೋಟೋ ಫೋಟೋವಾಗಿಯೇ ಚೆನ್ನ.

ಮಂಡಿಯ ಕೆಲಸದಲ್ಲೂ ಒಂದು ಕಡೆ ಆಟೋ ಟ್ರೇಸ್ ಬಳಸಿದೆ. ಹಳೆ ಬೋರ್ಡಿನ ಬಲಗಡೆ ಕೆಳಮೂಲೆಯಲ್ಲಿ ಬರೆದವರ ಸಹಿ ಇತ್ತು, ಒಂದಿಂಚು ಎತ್ತರ, ಸಣ್ಣ ಬ್ರಶ್ಶಿನಲ್ಲಿ ಒಂದೇ ಉಸಿರಿಗೆ ಎಳೆದದ್ದು. ಅದನ್ನು ನನ್ನ ಕೈಯಿಂದ ಮತ್ತೆ ಎಳೆಯುವುದು ಸರಿ ಅನ್ನಿಸಲಿಲ್ಲ. ಮೂಲೆಗೇ ಕ್ಯಾಮೆರಾ ಒಯ್ದು ಹತ್ತಿರದ ಫೋಟೋ ತೆಗೆದು, ಚುಕ್ಕೆ ತೆಗೆಯುವ ಸೆಟ್ಟಿಂಗನ್ನು ಪೂರ್ತಿ ಇಳಿಸಿ ಟ್ರೇಸ್ ಮಾಡಿದೆ. ಅಷ್ಟು ಸಣ್ಣ ಗೆರೆ ವಿನೈಲ್‌ನಲ್ಲಿ ಕತ್ತರಿಸಿದರೆ ನಿಲ್ಲುವುದಿಲ್ಲ, ಹಾಗಾಗಿ ಅದನ್ನು ಮಾತ್ರ ಪ್ರಿಂಟ್ ಹಾಕಿಸಿ ಹೊಸ ಎಸಿಪಿ (ಅಲ್ಯೂಮಿನಿಯಂ ಕಾಂಪೊಸಿಟ್ ಪ್ಯಾನೆಲ್) ಬೋರ್ಡಿನ ಅದೇ ಮೂಲೆಗೆ ಅಂಟಿಸಿದೆ. ಬೋರ್ಡ್ ಏರಿಸಿದ ದಿನ ಯಜಮಾನರು ಮೊದಲು ನೋಡಿದ್ದು ಆ ಮೂಲೆಯನ್ನು. “ಇದನ್ನೂ ಬಿಡ್ಲಿಲ್ವಲ್ಲಪ್ಪ” ಎಂದರು. ಆಮೇಲೆ ಒಳಗೆ ಹೋಗಿ, ಕಡತ ಹಾಕಿಕೊಟ್ಟಿದ್ದ ಪೆನ್‌ಡ್ರೈವನ್ನು ಹಳೆ ಅಚ್ಚಿನ ಜೊತೆಗೇ ಬೀರುವಿನಲ್ಲಿ ಇಟ್ಟರು.